ಅತ್ತೆಯ ಹಾಡು, ಲಾನಿಯ ಯಂತ್ರ

ಎಂಟು ವರ್ಷದ ಹಿಂದೆ, ಮಾವ ಏಮಸ್ ತೀರಿಹೋದ ವಾರ, ಎಲ್ಬರ್ಟ್ ಪೆಟ್ವೇ ತನ್ನ ಅತ್ತೆಗೆ ಮಾತು ಕೊಟ್ಟಿದ್ದ: ಮಾವ ನಿಮ್ಮ ಹುಟ್ಟುಹಬ್ಬಕ್ಕೆ ಹಾಕುತ್ತಿದ್ದ ಹಾಡನ್ನು ಇದೇ ಬೀದಿಯಲ್ಲಿ, ಮೊದಲಿಂದ ಕೊನೆಯವರೆಗೆ, ನಾನು ಕೇಳಿಸುತ್ತೇನೆ. ಅತ್ತೆ ಮಿಸ್ ಒಡೆಸ್ಸಾ ಕಣ್ಣೊರೆಸಿಕೊಂಡು, ಅದನ್ನು ಪೂರ್ತಿ ಕೇಳಿದ ದಿನವೇ ದೂರದ ಸವಾನಾ ಊರಿನ ತಂಗಿ ಮನೆಗೆ ಹೊರಡುತ್ತೇನೆ, ಅಲ್ಲಿಯವರೆಗೆ ನ್ಯೂಯಾರ್ಕಿನ ಈ ಬ್ರಾಂಕ್ಸ್ ಬಿಟ್ಟು ಕದಲುವುದಿಲ್ಲ ಎಂದಿದ್ದರು. ಅಂದಿನಿಂದ ಅತ್ತೆ ತಮ್ಮ ಮಗಳ, ಅಂದರೆ ಎಲ್ಬರ್ಟನ ಹೆಂಡತಿಯ, ಜೊತೆ ಮಂಚದ ಮೇಲೆ, ಎಲ್ಬರ್ಟ್ ಸೋಫಾದ ಮೇಲೆ. ಸೋಫಾ ಅವನಿಗಿಂತ ಒಂದು ಗೇಣು ಗಿಡ್ಡ.

ವರ್ಷವರ್ಷವೂ ಒಂದಲ್ಲ ಒಂದು ವಿಘ್ನ. ಈ ಆಗಸ್ಟಿನಲ್ಲಿ ಮಾತ್ರ ದೇವರು ಕಣ್ಣು ಬಿಟ್ಟ. ಅತ್ತೆಯ ಹುಟ್ಟುಹಬ್ಬದ ದಿನವೇ ಬಿದ್ದ ಬೀದಿ ಪಾರ್ಟಿಗೆ ಹಾಡು ಹಾಕಬೇಕಿದ್ದ ಮೇಲಿನ ಮಹಡಿಯ ಲಾನಿ ಕಾಲು ಮುರಿದುಕೊಂಡು, ರೆಕಾರ್ಡು ತಿರುಗಿಸುವ ಎರಡು ಟರ್ನ್‌ಟೇಬಲ್‌ಗಳನ್ನೂ ಎಲ್ಬರ್ಟನಿಗೆ ಒಪ್ಪಿಸಿದ. ಎರಡೇ ಷರತ್ತು. ಪಕ್ಕದ ಬೀದಿಯ ಡಿಜೆ ಹಾಡಿನ ಹೆಸರು ಕದಿಯಲು ಬಂದು ಇಣುಕುತ್ತಾನೆ, ಆದ್ದರಿಂದ ಯಾವ ರೆಕಾರ್ಡಿನ ಮೇಲೂ ಹೆಸರಿನ ಚೀಟಿ ಇರಬಾರದು. ಕರೆಂಟು ಬೀದಿ ದೀಪದ ಕಂಬದ್ದು, ಆದ್ದರಿಂದ ಸಂಜೆ ದೀಪ ಹತ್ತುವುದರೊಳಗೆ ಮುಗಿಸಬೇಕು. ದೀಪ, ಯಂತ್ರ ಎರಡನ್ನೂ ಕಂಬ ಒಟ್ಟಿಗೆ ತಾಳುವುದಿಲ್ಲ.

ಎಲ್ಬರ್ಟ್ ನಿಷ್ಠೆಯಿಂದ ಲಾನಿಯ ಇಪ್ಪತ್ತು ರೆಕಾರ್ಡುಗಳನ್ನು ಸ್ನಾನದ ತೊಟ್ಟಿಯಲ್ಲಿ ನೆನೆಹಾಕಿ ಚೀಟಿ ಕಿತ್ತ. ಅತ್ತೆಯ ರೆಕಾರ್ಡನ್ನೂ ಅದೇ ತೊಟ್ಟಿಗೆ ಹಾಕಿದ್ದ. ಒರೆಸಿ ಜೋಡಿಸಿದ ಮೇಲೆ ಇಪ್ಪತ್ತೊಂದೂ ಒಂದೇ ಹೆಂಚಿನ ಸೀದ ದೋಸೆಗಳು.

ಮಧ್ಯಾಹ್ನ ಅತ್ತೆ ಹೊಸ ಟೋಪಿ ಇಟ್ಟುಕೊಂಡು, ಪಕ್ಕದಲ್ಲಿ ಪ್ರಯಾಣದ ಪೆಟ್ಟಿಗೆ ಇಟ್ಟು, ಮೆಟ್ಟಿಲ ಮೇಲೆ ಕುರ್ಚಿ ಹಾಕಿ ಕೂತರು. ರಾತ್ರಿಯ ಬಸ್ಸಿನ ಟಿಕೆಟ್ ಎಲ್ಬರ್ಟನ ಜೇಬಿನಲ್ಲಿತ್ತು. ಅವನು ಮೊದಲ ರೆಕಾರ್ಡಿನ ಮೇಲೆ ಸೂಜಿ ಇಳಿಸಿದ. ತಟ್ಟೆ ತಿರುಗಿತು, ಸದ್ದಿಲ್ಲ.

"ಎರಡು ತಟ್ಟೆ ನಡುವೆ ಇರೋ ಡಬ್ಬಿಯ ಗುಂಡಿ ಆ ಕಡೆ ತಳ್ಳೋ," ಲಾನಿ ಕಿಟಕಿಯಿಂದ ಕೂಗಿದ. "ನೀನು ಕೇಳ್ತಿರೋದು ಪಕ್ಕದ ಖಾಲಿ ತಟ್ಟೆನ."

ಗುಂಡಿ ತಳ್ಳಿದರೆ, ಶೀತವಾದ ಮೇಕೆ ಹಾಡಿದಂತೆ ಹಾಡು ಹೊರಟಿತು. ವೇಗದ ಗುಂಡಿ ತಪ್ಪಿತ್ತು. ಅದನ್ನು ಸರಿಮಾಡಿದರೆ ಸೂಜಿ ಕಪ್ಪೆಯಂತೆ ಕುಪ್ಪಳಿಸಿತು. ಕ್ಷೌರದಂಗಡಿಯ ಕ್ಲಿಯೋಫಸ್ ಕತ್ತರಿ ಹಿಡಿದೇ ಬಂದು, ಸೂಜಿ ಹಿಡಿದ ತೋಳಿನ ಹಿಂದಿನ ಭಾರದ ಗುಂಡನ್ನು ಒಳಕ್ಕೆ ತಿರುಗಿಸಬೇಕೆಂದ. ಎದುರುಮನೆಯ ವಾರ್ಗಾಸಮ್ಮ ಹೊರಕ್ಕೆಂದು ವಾದಿಸಿ, ಕೊನೆಗೆ ತಾನೇ ತೋಳಿನ ತಲೆಗೆ ಒಂದು ಪೆನ್ನಿ ನಾಣ್ಯ ಅಂಟಿಸಿದಳು. ಕುಪ್ಪಳಿಕೆ ನಿಂತಿತು.

ಹಾಡು ಮಾತ್ರ ಅತ್ತೆಯದಲ್ಲ. ಎರಡನೆಯದೂ ಅಲ್ಲ. ಹನ್ನೊಂದನೆಯದಕ್ಕೆ ಅತ್ತೆ, "ನಿನ್ನ ಗಂಡನ ಅಪ್ಪನೂ ಹೀಗೇ, ತನ್ನ ಮನೆಗೇ ದಾರಿ ಕೇಳ್ಕೊಂಡು ಬರೋನು," ಎಂದು ಮಗಳಿಗೆ ಹೇಳಿದ್ದು ಧ್ವನಿವರ್ಧಕಕ್ಕಿಂತ ಸ್ಪಷ್ಟವಾಗಿ ಕೇಳಿಸಿತು.

ಹದಿನೇಳನೆಯದರಲ್ಲಿ ಅತ್ತೆಯ ಹಾಡು ಸಿಕ್ಕಿತು. ತುತ್ತೂರಿಯ ಮೊದಲ ಸ್ವರಕ್ಕೇ ಅತ್ತೆ ಟೋಪಿ ಸರಿಪಡಿಸಿಕೊಂಡರು. ದೀಪ ಹತ್ತಲು ಇನ್ನೂ ಅರ್ಧ ಗಂಟೆ, ಹಾಡು ಆರೇ ನಿಮಿಷ. ಎಲ್ಬರ್ಟನ ಬೆನ್ನು ಆಗಲೇ ಮಂಚದ ಹಾಸಿಗೆಯನ್ನು ನೆನೆಯಿತು. ಹಾಡಿನ ನಡುವೆ ಬರೀ ಡ್ರಮ್ಮಿನ ಜಾಗ ಬಂತು. ಅತ್ತೆ ಊರುಗೋಲು ಬದಿಗಿಟ್ಟು ಬೀದಿಗಿಳಿದು ಕುಣಿದರು. ಬೀದಿಗೆ ಬೀದಿಯೇ ಸುತ್ತ ನಿಂತು ಚಪ್ಪಾಳೆ ತಟ್ಟಿತು.

"ಅಳಿಯಂದ್ರೇ, ಆ ಡ್ರಮ್ಮು ಇನ್ನೊಂದ್ಸಲ."

ಹುಟ್ಟುಹಬ್ಬದವರ ಮಾತು. ಲಾನಿ ಕಿಟಕಿಯಿಂದ ಹೇಳಿಕೊಟ್ಟಂತೆ ಎಲ್ಬರ್ಟ್ ಬೆರಳಿನಿಂದ ರೆಕಾರ್ಡನ್ನು ಹಿಂದಕ್ಕೆ ತಿರುಗಿಸಿದ. ಡ್ರಮ್ಮು ಮುಗಿಯುತ್ತಲೇ, "ಇನ್ನೊಂದೇ." ಆಮೇಲೆ ಇನ್ನೊಂದು. ಮುಂದಕ್ಕೆ ಬಿಡೋಣವೆಂದರೆ ಕ್ಲಿಯೋಫಸ್ ಕತ್ತರಿ ತೋರಿಸಿ ಹೆದರಿಸುತ್ತಿದ್ದ.

"ಅತ್ತೆ, ಕೊನೇವರೆಗೆ ಕೇಳ್ಬೇಕಲ್ವಾ?"

"ಕೇಳೋಣ, ಅವಸರ ಏನು?" ಎಂದ ಅತ್ತೆ ಕಂಬದತ್ತ ಒಮ್ಮೆ ಕಣ್ಣೆತ್ತಿ ನೋಡಿ, "ಇದೇ ಕೊನೇದು," ಎಂದರು.

ದೀಪ ಹತ್ತಿತು. ಕಂಬದಲ್ಲಿ ಟಪ್ಪೆಂದಿತು. ತಟ್ಟೆ ನಿಧಾನವಾಗಿ ನಿಂತಿತು.

"ಮುಗೀಲಿಲ್ಲ ಅಲ್ವಾ?" ಅತ್ತೆ ಬೆವರೊರೆಸಿಕೊಂಡರು. "ಬರೋ ವರ್ಷ ನೋಡೋಣ ಬಿಡಿ. ಆ ಟಿಕೆಟ್ ವಾಪಸ್ ಮಾಡಿ. ಪೆಟ್ಟಿಗೆ ಸ್ವಲ್ಪ ಮೇಲಕ್ಕೆ ತಂದ್ಬಿಡಿ."

ಎಲ್ಬರ್ಟ್ ಹಲ್ಲು ಕಚ್ಚಿ, ಎರಡೂ ಕೈ ಹಾಕಿ ಪೆಟ್ಟಿಗೆ ಎತ್ತಿದ. ಅದು ಹೂವಿನಂತೆ ಮೇಲಕ್ಕೆ ಬಂತು. ಮೆಟ್ಟಿಲ ತಿರುವಿನಲ್ಲಿ ಮುಚ್ಚಳ ತೆರೆದು ನೋಡಿದ. ಒಳಗೆ ಒಂದು ಕರವಸ್ತ್ರವೂ ಇರಲಿಲ್ಲ.

ಅವನು ಕೊಟ್ಟ ಮಾತು ಆ ವರ್ಷವೂ ನಡೆಯಲಿಲ್ಲ.