ಭಾವನ ಲಾನು, ನನ್ನ ಉಪ್ಪು

ಹುಲ್ಲು ಬೆಳೆಸುವುದು ಎಂತ ದೊಡ್ಡ ವಿದ್ಯೆ? ನಮ್ಮ ಕುಕ್ಕುಂದೂರಿನಲ್ಲಿ ಅದು ಬೇಡ ಬೇಡ ಎಂದರೂ ಬೆಳೆಯುತ್ತದೆ. ಮೇಲಾಗಿ ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಷ್ಟ್ರು. ಹಾಗಾಗಿ ನನ್ನ ಹೆಂಡತಿ ಸುಮತಿಯ ಅಣ್ಣ ಮುರಳಿ ಭಾವ ಮಣಿಪಾಲದ ಹೊಸ ಮನೆಯೆದುರು ಲಾನು ಹಾಕಿಸಿದಾಗ, ನಮ್ಮಲ್ಲೂ ಒಂದು ಇರಲಿ ಎಂದು ನಾನು ತೀರ್ಮಾನಿಸಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಗೃಹಪ್ರವೇಶದ ದಿನ ಭಾವ ನಮ್ಮೆಲ್ಲರ ಚಪ್ಪಲಿ ಬಿಚ್ಚಿಸಿ ಆ ಹುಲ್ಲಿನ ಮೇಲೆ ನಡೆಸಿದ್ದರು. ಬಿ.ಪಿ.ಗೆ ಒಳ್ಳೆಯದಂತೆ. ನನಗೆ ಬಿ.ಪಿ. ಶುರುವಾದದ್ದೇ ಅಲ್ಲಿಂದ.

ಒಂದೇ ತೊಡಕು. ನಮ್ಮ ಮನೆಯೆದುರು ಬಿಸಿಲು ಬೀಳುವ ಜಾಗದಲ್ಲಿ ಸುಮತಿಯ ಮಲ್ಲಿಗೆ ಗಿಡಗಳಿದ್ದವು. ಶಂಕರಪುರದ ತವರಿನಿಂದ ಅವಳ ಅಮ್ಮ ಕೊಟ್ಟು ಕಳಿಸಿದ ಗಿಡಗಳು. ಅಮ್ಮ ತೀರಿಕೊಂಡ ಮೇಲೆ ಸುಮತಿ ಅವಕ್ಕೆ ಇನ್ನೂ ಹೆಚ್ಚು ಉಪಚಾರ ಮಾಡುತ್ತಿದ್ದಳು. ನನಗಿಂತ ಮೊದಲು ಅವಕ್ಕೇ ಬೆಳಗಿನ ಕ್ಷೇಮಸಮಾಚಾರ. ಅವನ್ನು ಕೀಳಬೇಕು ಎಂದಾಗ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಕರಾರು ಹಾಕಿದಳು.

"ರಜೆಯಲ್ಲಿ ಸತ್ಯನಾರಾಯಣ ಪೂಜೆಗೆ ಅಣ್ಣ ಬರುತ್ತಾನೆ. ಆಗ ಹುಲ್ಲು ಹಸಿರಿರಬೇಕು. ಇಲ್ಲದಿದ್ದರೆ ನನ್ನ ಮಲ್ಲಿಗೆ ಇದ್ದ ಜಾಗಕ್ಕೇ ವಾಪಸ್. ನೀವೇ ನೆಡಬೇಕು."

ಅದಕ್ಕೆಂತ, ಆಗಲಿ ಎಂದೆ.

ಭಾವನಿಗೆ ಲಾನು ಹಾಕಿಕೊಟ್ಟ ದಿನಕರನೇ ಬಂದ. ತಲೆಗೆ ಟೊಪ್ಪಿ, ಸೊಂಟಕ್ಕೆ ಆಗಿನ ಕಾಲದ ಇಟ್ಟಿಗೆಯಂಥ ಮೊಬೈಲು. ಟೆಂಪೋದಲ್ಲಿ ಬಾಗಲಕೋಟೆ ಕಡೆಯ ಆಳುಗಳು ಬಂದು ಮಲ್ಲಿಗೆಯನ್ನು ಹಳೆಯ ಪೇಂಟಿನ ಡಬ್ಬಿಗಳಿಗೆ ದಾಟಿಸಿದರು, ಕೆಂಪು ಮಣ್ಣು ಹರಡಿದರು, ಚಾಪೆ ಹಾಸಿದ ಹಾಗೆ ಹುಲ್ಲು ಹಾಸಿ ಹೋದರು. ಹೊರಡುವಾಗ ದಿನಕರ ನನಗೆ ಒಂದೇ ಮಾತು ಹೇಳಿದ. ನೀರು ಬಿಟ್ಟು ಬೇರೆ ಎಂತದೂ ಹಾಕಬೇಡಿ, ಸಂಶಯ ಬಂದರೆ ಫೋನ್ ಮಾಡಿ. ನಾನು ತಲೆಯಾಡಿಸಿದೆ. ಕೊನೆಯ ಬೆಂಚಿನ ಹುಡುಗರು ನನ್ನೆದುರು ತಲೆಯಾಡಿಸುವುದೂ ಹಾಗೆಯೇ.

ಕೆಲವು ವಾರ ನನ್ನದು ರಾಜಭೋಗ. ಹುಲ್ಲಿನ ಮೇಲೆ ಕುರ್ಚಿ ಹಾಕಿ ಪೇಪರ್ ಓದಿದೆ. ಪೋಸ್ಟ್‌ಮ್ಯಾನ್ ಹುಲ್ಲು ತುಳಿಯದಂತೆ ಸುತ್ತು ಹಾಕಿ ಬರುವ ವ್ಯವಸ್ಥೆ ಮಾಡಿದೆ. ಮಾರ್ಚ್‌ನ ಬಿಸಿಲು ಏರಿದಾಗ ಒಂದು ಮೂಲೆ ಹಳದಿಯಾಯಿತು.

ದಿನಕರನಿಗೆ ಫೋನ್ ಮಾಡಬಹುದಿತ್ತು. ಆದರೆ ಅವನು ಭಾವನಿಗೆ ಹೇಳುತ್ತಾನೆ, ಭಾವ ನಗುತ್ತಾರೆ! ಆಗ ನನಗೆ ಅಪ್ಪನ ನೆನಪಾಯಿತು. ಅಪ್ಪ ವರ್ಷವರ್ಷವೂ ತೆಂಗಿನ ಬುಡಕ್ಕೆ ಉಪ್ಪು ಹಾಕುತ್ತಿದ್ದರು. ನಮ್ಮ ಕಡೆ ಯಾರು ಹಾಕುವುದಿಲ್ಲ ಹೇಳಿ? ಅಷ್ಟು ದೊಡ್ಡ ಮರಕ್ಕೆ ಒಳ್ಳೆಯದಾದದ್ದು ಇಷ್ಟು ಸಣ್ಣ ಹುಲ್ಲಿಗೆ ಆಗದೇ ಇರುತ್ತದೆಯೇ? ಕಲ್ಲುಪ್ಪು ತಂದು ಎರಚಿ ನೀರು ಬಿಟ್ಟೆ. ಹಳದಿ ಇನ್ನಷ್ಟು ಹರಡಿತು. ಡೋಸು ಸಾಲಲಿಲ್ಲ ಎಂದು ಇನ್ನೂ ಒಂದು ಚೀಲ ಎರಚಿದೆ.

ಮರುದಿನದಿಂದ ನೆರೆಮನೆಯ ಗಿರಿಜಕ್ಕನ ದನ ಬರತೊಡಗಿತು. ಗದ್ದೆ ಕೊಯ್ಲು ಮುಗಿದ ಮೇಲೆ ದನಗಳನ್ನು ಬಿಡುವುದು ನಮ್ಮೂರಿನ ಪದ್ಧತಿ, ನಿಜ. ಆದರೆ ಈ ದನ ಅವರದೇ ಅಂಗಳದಲ್ಲಿ ಎತ್ತರಕ್ಕೆ ಒಟ್ಟಿದ ಹುಲ್ಲಿನ ಕುತ್ತರಿಯನ್ನು ದಾಟಿ, ಬೇಲಿ ನುಗ್ಗಿ, ನೇರ ನನ್ನ ಲಾನಿಗೇ ಬರುತ್ತಿತ್ತು. ಆಹಾ, ಕಳ್ಳ ಸಿಕ್ಕಿದ ಎಂದುಕೊಂಡೆ. ಬೇಲಿಯ ಬಳಿ ನಿಂತು ಗಿರಿಜಕ್ಕನಿಗೆ ನಾಗರಿಕರ ಕರ್ತವ್ಯಗಳ ಬಗ್ಗೆ ದೀರ್ಘ ಪಾಠ ಮಾಡಿದೆ. ನಮ್ಮ ದನಕ್ಕೆ ಹುಲ್ಲಿನ ಬರಗಾಲ ಬಂದಿಲ್ಲ ಮಾಷ್ಟ್ರೇ ಎಂದು ಅವರು ಸೆರಗು ಕೊಡವಿ ಒಳಗೆ ಹೋದರು. ದನದ ಮೇಲೆ ಸಾಕ್ಷಿ ಹೇಳಲು ನಾನು ದಿನಕರನನ್ನೇ ಕರೆಸಿದೆ.

ಅವನು ಬಂದಾಗ ಆರೋಪಿ ಸ್ಥಳದಲ್ಲೇ ಇತ್ತು. ದಿನಕರ ಸ್ವಲ್ಪ ಹೊತ್ತು ನೋಡಿದ.

"ಇದು ಹುಲ್ಲು ತಿನ್ನುತ್ತಾ ಇಲ್ಲವಲ್ಲ. ನೆಲ ನೆಕ್ಕುತ್ತಾ ಉಂಟು. ಮಾಷ್ಟ್ರೇ, ಎಂತ ಹಾಕಿದ್ದೀರಿ?"

ನಾನು ಆಕಾಶ ನೋಡಿದೆ. ಕಾಫಿ ತಂದ ಸುಮತಿ ನನ್ನ ಪರವಾಗಿ ಉತ್ತರ ಕೊಟ್ಟಳು.

"ಉಪ್ಪು. ಉಪ್ಪು ಹಾಕಿದರೆ ಆಲೂಗಡ್ಡೆಯ ನೀರು ಹೇಗೆ ಹೊರಗೆ ಬರುತ್ತದೆ ಅಂತ ಪ್ರತಿವರ್ಷ ಮಕ್ಕಳಿಗೆ ತೋರಿಸುತ್ತಾರೆ. ಈ ವರ್ಷ ಪ್ರಯೋಗ ಮನೆಯಲ್ಲೇ ಇಟ್ಟುಕೊಂಡರು."

ದಿನಕರ ಸಜ್ಜನ. ತೆಂಗಿನ ಮರದ ಕಡೆ ಮುಖ ಮಾಡಿ ನಕ್ಕ. ಆಮೇಲೆ ತೀರ್ಪು ಕೊಟ್ಟ. ಹುಲ್ಲಿನ ಕತೆ ಮುಗಿಯಿತು. ಉಪ್ಪು ತೊಳೆದು ಹೋಗುವವರೆಗೆ ಆ ಮಣ್ಣಿನಲ್ಲಿ ಮಲ್ಲಿಗೆಯನ್ನೂ ನೆಡುವ ಹಾಗಿಲ್ಲ. ಅಲ್ಲಿಯವರೆಗೆ ನಗುತ್ತಿದ್ದ ಸುಮತಿ ಪೇಂಟಿನ ಡಬ್ಬಿಗಳತ್ತ ತಿರುಗಿದಳು. ಅವುಗಳಲ್ಲಿ ಗಿಡಗಳು ಆಗಲೇ ಎಲೆ ಉದುರಿಸುತ್ತಿದ್ದವು. "ಅದು ಅಮ್ಮನ ಗಿಡ," ಎಂದಷ್ಟೇ ಹೇಳಿ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಪೂಜೆಯ ಹೊತ್ತಿಗೆ ಹುಲ್ಲು ಕೆರೆದು, ಮಲ್ಲಿಗೆ ಮೊದಲು ಇದ್ದ ಮೂಲೆಯನ್ನು ಮಾತ್ರ ಬಿಟ್ಟು ಅಂಗಳಕ್ಕೆಲ್ಲ ಸೆಗಣಿ ಸಾರಿಸಿದೆವು. ಸೆಗಣಿ ಗಿರಿಜಕ್ಕನ ದನದ್ದೇ. ದಿನಕರ ಭಾವನೆದುರು ಲಾನಿನ ಸುದ್ದಿಯನ್ನೇ ಎತ್ತಿರಲಿಲ್ಲ. ಮುರಳಿ ಭಾವ ಬಂದವರೇ, ಇಂಥ ಅಂಗಳ ಈಗ ಎಲ್ಲಿ ಉಂಟು ಮಾರಾಯ್ರೇ, ಲಾನು ಗೀನು ಅಂತ ಹೋಗದೆ ಒಳ್ಳೆಯದು ಮಾಡಿದಿರಿ ಎಂದು ಎಲ್ಲರೆದುರು ಹೊಗಳಿದರು. ಸುಮತಿ ನನ್ನನ್ನು ನೋಡಿದಳು. ನಾನು ಪ್ರಸಾದ ತಿಂದೆ.

ಆಮೇಲಿನ ರಜೆಯೆಲ್ಲ ನಾನು ಬಾವಿಯಿಂದ ಕೊಡಪಾನದಲ್ಲಿ ನೀರು ಹೊತ್ತು ಆ ಮೂಲೆಯ ಉಪ್ಪು ತೊಳೆದೆ. ಲಾನಿಗೆಂದು ತಂದ ಪೈಪನ್ನು ಸುಮತಿ ರಾಜಿ ಕಾಣಿಕೆಯೆಂದು ಗಿರಿಜಕ್ಕನಿಗೆ ಕೊಟ್ಟಾಗಿತ್ತು. ಉಪ್ಪು ತಿಂದವರು ನೀರು ಕುಡಿಯಲೇಬೇಕು ಎನ್ನುತ್ತಾರೆ. ಉಪ್ಪು ತಿಂದದ್ದು ದನ, ನೀರು ಹೊತ್ತದ್ದು ನಾನು! ಜೂನ್‌ನಲ್ಲಿ ಮಳೆ ಬಂದು, ನಾನು ರಜೆಯಿಡೀ ಮಾಡಿದ ಕೆಲಸವನ್ನು ಒಂದೇ ವಾರದಲ್ಲಿ ಮಾಡಿ ಮುಗಿಸಿತು. ಕರಾರಿನಂತೆ ಮಲ್ಲಿಗೆಯನ್ನು ನಾನೇ ನೆಟ್ಟೆ. ಒಂದು ಗಿಡ ಹೋಯಿತು, ಉಳಿದವು ಚಿಗುರಿದವು.

ದೀಪಾವಳಿಯ ಹೊತ್ತಿಗೆ ಬಿಟ್ಟ ಮೊದಲ ಹೂಗಳನ್ನು ಸುಮತಿ ಬಾಳೆನಾರಿನಲ್ಲಿ ಕಟ್ಟಿದಳು. ದೇವರಿಗೆ ಒಂದು ತುಂಡು ಇಟ್ಟು, ಉಳಿದದ್ದನ್ನು ಗೋಪೂಜೆಯ ದಿನ ಗಿರಿಜಕ್ಕನ ದನದ ಕೊರಳಿಗೆ ಹಾಕಿದಳು. ಅಷ್ಟೂ ಅದಕ್ಕೇಕೆ ಎಂದು ಕೇಳಿದೆ.

"ಈ ಮನೆಯಲ್ಲಿ ನಿಜ ಹೇಳಿದ್ದು ಅದೊಂದೇ ಅಲ್ವಾ?" ಎಂದಳು.

ನಾನು ಬಾಳೆಹಣ್ಣು ಹಿಡಿದು ಭಕ್ತಿಯಿಂದ ದನದೆದುರು ನಿಂತೆ. ಅದು ಹಣ್ಣಿನ ಕಡೆ ನೋಡಲಿಲ್ಲ. ನನ್ನ ಗುರುತು ಹಿಡಿದು, ತಲೆ ಬಗ್ಗಿಸಿ, ನಾನು ನಿಂತ ನೆಲವನ್ನು ಮೊದಲು ಒಮ್ಮೆ ನೆಕ್ಕಿ ನೋಡಿತು.