ಎರಡು ಸಲ ಬೇಡ ಅನ್ನಬೇಕು

ಊರು ಬಿಟ್ಟು ಬಂದವರಿಗೆ ಬುದ್ಧಿ ಹೇಳುವ ಉಮೇದು ಊರು ಬಿಡದವರಿಗೇ ಹೆಚ್ಚು. ಇದನ್ನು ನಾನು ಸ್ವಂತ ಅನುಭವದಿಂದ ಹೇಳುತ್ತಿದ್ದೇನೆ, ಏಕೆಂದರೆ ಹಾಗೆ ಬುದ್ಧಿ ಹೇಳುತ್ತಿದ್ದವನು ನಾನೇ. ನೌಕರಿಯ ಮೊದಲ ಹದಿನೆಂಟು ವರ್ಷಗಳಲ್ಲಿ ಆರು ವರ್ಷ ಜೇವರ್ಗಿಯಲ್ಲಿ, ಐದು ವರ್ಷ ಅಫಜಲಪುರದಲ್ಲಿ, ಉಳಿದದ್ದನ್ನು ಆಳಂದದಲ್ಲಿ ಕಳೆದೆ. ಮೂರೂ ಗುಲ್ಬರ್ಗಾ ಜಿಲ್ಲೆಯವೇ. ಜೇವರ್ಗಿಯಿಂದ ಅಫಜಲಪುರಕ್ಕೆ ವರ್ಗವಾದಾಗ ಬಸ್ಸು ಭೀಮಾ ನದಿಯ ಸೇತುವೆ ದಾಟುವಷ್ಟು ಹೊತ್ತೂ ಪರದೇಶಕ್ಕೆ ಹೊರಟವನ ಹಾಗೆ ತಿರುತಿರುಗಿ ಹಿಂದೆ ನೋಡುತ್ತಿದ್ದೆ. ಇನ್ನು ಪರರಾಜ್ಯದ ಅನುಭವ ಎಂದರೆ ಒಮ್ಮೆ ಸೊಲ್ಲಾಪುರಕ್ಕೆ ಚಾದರ ಕೊಳ್ಳಲು ಹೋಗಿ ಸಂಜೆಯ ಬಸ್ಸಿಗೆ ಮರಳಿದ್ದು. ಒಟ್ಟು ಏಳು ತಾಸು. ಅದರಲ್ಲಿ ಎರಡು ತಾಸು ಬಸ್ ಸ್ಟ್ಯಾಂಡಿನಲ್ಲೇ ಕುಳಿತಿದ್ದೆ.

ಇಷ್ಟು ಬಂಡವಾಳ ಇಟ್ಟುಕೊಂಡು ನಾನು ಪರರಾಜ್ಯದಿಂದ ಬಂದವರಿಗೆ ಗುರುವಾಗಿದ್ದೆ. ಅದಕ್ಕೆ ನಮ್ಮ ಕಚೇರಿಯೇ ಕಾರಣ. ಆಳಂದದಲ್ಲಿ ಕೇಂದ್ರ ಸರ್ಕಾರದ ಒಂದು ಬೀಜದ ಗೋದಾಮು ಇತ್ತು. ತೊಗರಿ, ಜೋಳದ ಬೀಜ ಬೆಳೆಸಿ ಕೊಡುವ ರೈತರು ಸುತ್ತಲ ಹಳ್ಳಿಗಳಲ್ಲಿದ್ದರು. ಗುಮಾಸ್ತರೆಲ್ಲ ನಮ್ಮವರೇ, ಅಧಿಕಾರಿ ಮಾತ್ರ ಯಾವಾಗಲೂ ಬೇರೆ ರಾಜ್ಯದವರು. ಊರಿನವನನ್ನೇ ಅಧಿಕಾರಿ ಮಾಡಿದರೆ ಬೀಜವೆಲ್ಲ ಬೀಗರ ಹೊಲ ಸೇರುತ್ತದೆ ಎಂದು ಹೈದರಾಬಾದಿನ ದೊಡ್ಡ ಕಚೇರಿಯವರ ನಂಬಿಕೆ. ಅದು ತಪ್ಪು ಎನ್ನಲು ನನಗೆ ಬಾಯಿಲ್ಲ, ನಮಗೆ ಬೀಗರು ಬಹಳ. ಹೊಸ ಅಧಿಕಾರಿ ಬಸ್ಸಿನಿಂದ ಇಳಿದ ಕೂಡಲೇ ಹೆಡ್ ಕ್ಲಾರ್ಕ್ ಆದ ನಾನು ಅವರನ್ನು ಹೋಟೆಲಿಗೆ ಕರೆದೊಯ್ದು, ಚಹಾ ಕುಡಿಸಿ, ಒಂದು ತಾಸು ಉಪದೇಶ ಮಾಡುತ್ತಿದ್ದೆ. ಮೇ ತಿಂಗಳಲ್ಲಿ ಇಲ್ಲಿನ ಬಿಸಿಲು ಹೇಗೆ ಬಡಿಯುತ್ತದೆ, ಬಾವಿಯ ನೀರು ಎಷ್ಟು ಸವಳು, ಜೋಳದ ರೊಟ್ಟಿ ಹೊಸಬರ ಹೊಟ್ಟೆಗೆ ಏನು ಮಾಡುತ್ತದೆ, ಎಲ್ಲವನ್ನೂ ಬಿಡಿಸಿ ಹೇಳುತ್ತಿದ್ದೆ. ಅವರಿಗೆ ಮುಂದೆ ಆಶ್ಚರ್ಯವಾಗಬಾರದು ಎಂಬುದಷ್ಟೇ ನನ್ನ ಉದ್ದೇಶ.

ಎರಡು ವರ್ಷದಲ್ಲಿ ಮೂವರು ಅಧಿಕಾರಿಗಳು ವರ್ಗ ಮಾಡಿಸಿಕೊಂಡು ಹೋದರು. ಮೂರನೆಯವರಂತೂ ಹಾಸಿಗೆಯ ಸುತ್ತನ್ನು ಬಿಚ್ಚಲೂ ಇಲ್ಲ. ಬಿಸಿಲಿಗೆ ಹೆದರಿದರು ಪಾಪ ಎಂದು ನಾನು ಮನೆಯಲ್ಲಿ ಮರುಗಿದೆ. ನನ್ನ ಹೆಂಡತಿ ಮಹಾನಂದಾ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಬಿಸಿಲು ಹೋಳಿ ಆದಮ್ಯಾಲ ಬರ್ತದ್ರಿ. ಆ ಮನುಷ್ಯಾ ದೀಪಾವಳಿಗೆ ಬಂದಿದ್ದ. ಹೆದರಿದ್ದು ಬಿಸಿಲಿಗಲ್ಲ" ಎಂದಳು. ರೊಟ್ಟಿ ಹಂಚಿಗೆ ಹಾಕುತ್ತ ನನ್ನ ಬಾಯಿಯ ಕಡೆಗೊಮ್ಮೆ ನೋಡಿದಳು.

ಅವಳಿಗೆ ಹೊಳೆದದ್ದೇ ದೊಡ್ಡ ಕಚೇರಿಯವರಿಗೂ ಹೊಳೆಯಿತು. ಹೈದರಾಬಾದಿನಿಂದ ಬಂದ ಮೇಲಧಿಕಾರಿ ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು ಬಹಳ ಮೆತ್ತಗೆ ಮಾತಾಡಿದರು. ನನಗೆ ಎರಡು ಸಲ ಬಡ್ತಿಯ ಕಾಗದ ಬಂದದ್ದೂ, ಬಡ್ತಿ ಎಂದರೆ ಬೇರೆ ರಾಜ್ಯ ಎಂದು ನಾನು ಎರಡು ಸಲವೂ ಒಲ್ಲೆ ಎಂದದ್ದೂ ಅವರಿಗೆ ನೆನಪಿತ್ತು. ಈಗ ನಾಲ್ಕನೆಯವರು ಬರುತ್ತಿದ್ದಾರೆ, ಅವರೂ ಓಡಿಹೋದರೆ ಈ ಸಲ ನನ್ನನ್ನು ಕೇಳದೆಯೇ ಬಡ್ತಿ ಕೊಟ್ಟು ಪರರಾಜ್ಯಕ್ಕೆ ಕಳಿಸುವುದಾಗಿ ಹೇಳಿ ಹೋದರು. ನಾನು ಅಂದು ಊಟ ಮಾಡಲಿಲ್ಲ. ಜಗತ್ತಿನಲ್ಲಿ ಬಡ್ತಿಯ ಬೆದರಿಕೆಗೆ ಊಟ ಬಿಟ್ಟವನು ನಾನೊಬ್ಬನೇ ಇರಬೇಕು.

ನಾಲ್ಕನೆಯವರು ಒರಿಸ್ಸಾದ ಮಹಾಂತಿ. ತೆಳ್ಳಗೆ, ಕಪ್ಪಗೆ, ಸಂಕೋಚದ ಮನುಷ್ಯ. ವಯಸ್ಸು ಮೂವತ್ತರ ಆಸುಪಾಸು. ಅವರು ಬಸ್ಸಿನಿಂದ ಇಳಿದಾಗ ಹಸ್ತ ಮಳೆ ಹೋಗಿ ಹಿಂಗಾರಿ ಜೋಳ ಮೊಳೆಯುತ್ತಿತ್ತು. ಈ ಸಲ ನನ್ನ ಉಪದೇಶ ಪೂರಾ ಉಲ್ಟಾ. ಇಲ್ಲಿ ಬಿಸಿಲೇ ಇಲ್ಲ ಎಂದೆ. ನೀರು ಸಕ್ಕರೆ ಎಂದೆ. ಅವರಿಗಾಗಿ ಅಕ್ಕಿಯ ಚೀಲ ಮೊದಲೇ ತರಿಸಿಟ್ಟಿದ್ದೆ. ನನ್ನ ಹಿಂದಿಯಲ್ಲಿ ಅರ್ಧ ನಿಜಾಮನ ಕಾಲದ ಉರ್ದು, ಅರ್ಧ ಕನ್ನಡ. ಅವರು ತಮ್ಮ ಒಡಿಯಾ ಹಿಂದಿಯಲ್ಲಿ "ಠೀಕ್ ಹೈ, ಮಲ್ಲಪ್ಪಬಾಬು" ಎನ್ನುತ್ತಿದ್ದರು. ಅವರಿಗೆ ಎಷ್ಟು ಅರ್ಥವಾಗುತ್ತಿತ್ತೋ ದೇವರೇ ಬಲ್ಲ.

ಒಂದು ಬೆಳಿಗ್ಗೆ ಅವರ ಬಾಡಿಗೆ ಖೋಲಿಗೆ ಹೋದರೆ, ಹಿಂದಿನ ದಿನದ ತಂಗಳನ್ನಕ್ಕೆ ನೀರು ಹೊಯ್ದುಕೊಂಡು, ಅದು ಹುಳಿ ಬಂದದ್ದನ್ನು ಉಣ್ಣುತ್ತಿದ್ದರು. ಅಧಿಕಾರಿ ತಂಗಳು ತಿನ್ನುವ ಸ್ಥಿತಿಗೆ ಬಂದರೆ ಮುಂದಿನ ಹೆಜ್ಜೆ ವರ್ಗದ ಅರ್ಜಿಯೇ. ಓಡಿ ಮನೆಗೆ ಬಂದು ಮಹಾನಂದಾಳಿಂದ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಕಟ್ಟಿಸಿಕೊಂಡು ಹೋಗಿ ಅವರ ಮುಂದಿಟ್ಟೆ. ಅದನ್ನೂ ಅವರು ಪೂರಾ ತಿಂದರು. ಹಾಗೆ ನೀರಲ್ಲಿ ನೆನೆಸಿದ ಅನ್ನ ಅವರ ಊರಿನಲ್ಲಿ ಎಲ್ಲರೂ ಆಸೆಪಟ್ಟು ಉಣ್ಣುವಂಥದ್ದೆಂದೂ, ಅಂದು ಅವರ ಹೊಟ್ಟೆ ಮೊದಲೇ ತುಂಬಿತ್ತೆಂದೂ ನನಗೆ ಗೊತ್ತಾದದ್ದು ಎಷ್ಟೋ ದಿನಗಳ ಮೇಲೆ.

ಮಹಾಂತಿಯವರಿಗೆ ನಾನು ಕಲಿಸಿದ ರೀತಿ ರಿವಾಜುಗಳಲ್ಲಿ ಮುಖ್ಯವಾದದ್ದು ಊಟದ್ದು. ನಮ್ಮ ಕಡೆ ಯಾರಾದರೂ ಉಣ್ಣಲು ಕರೆದರೆ ಎರಡು ಸಲ ಬೇಡ ಅನ್ನಬೇಕು, ಮೂರನೆಯ ಸಲ ಕೂಡಬೇಕು. ಮೊದಲ ಬೇಡ ಯಾರ ಕಿವಿಗೂ ಬೀಳುವುದಿಲ್ಲ. ಎರಡನೆಯದು ನಮ್ಮ ಮರ್ಯಾದೆಗೆ. ಮೂರನೆಯ ಸಲವೂ ಬೇಡ ಎಂದರೆ ಆ ಮನೆಯ ಮೇಲೆ ನಿಮಗೇನೋ ಸಿಟ್ಟಿದೆ ಎಂದೇ ಅರ್ಥ. ಇದನ್ನು ಮೂರು ಸಲ ವಿವರಿಸಿದರೂ ಅವರು ಕಣ್ಣು ಪಿಳಿಪಿಳಿ ಬಿಟ್ಟರು. ಕೊನೆಗೆ ನಾನೇ ಸೋತು, ಹೊಸಬರಿಗೆ ಇಷ್ಟೆಲ್ಲ ಬೇಕಿಲ್ಲ, ಹೊಲ ನೋಡಲು ಹೋದಾಗ ಯಾರು ಏನಕ್ಕೆ ಕರೆದರೂ ಹೂಂ ಅಂದುಬಿಡಿ, ಅವರಿಗೂ ಖುಷಿ, ನೀವು ಹೋಗದಿದ್ದರೆ ಯಾರೂ ಕಾಯುತ್ತ ಕೂಡುವುದಿಲ್ಲ ಎಂದೆ. ಅದು ನಿಜವೇ. ವರ್ಷದ ಮುನ್ನೂರ ಅರವತ್ತನಾಲ್ಕು ದಿನ ಅದು ನಿಜ.

ಉಳಿದ ಒಂದು ದಿನ ಎಳ್ಳಮಾವಾಸ್ಯೆ. ಅಂದು ಆಳಂದದ ಓಣಿಗಳಲ್ಲಿ ನಾಯಿ ಬೊಗಳಲೂ ಜನ ಸಿಗುವುದಿಲ್ಲ. ಎಲ್ಲರೂ ಬುಟ್ಟಿ ಕಟ್ಟಿಕೊಂಡು ಬಂಡಿ ಹೂಡಿ ಹೊಲಕ್ಕೆ ಹೋಗುತ್ತಾರೆ. ನಿಂತ ಬೆಳೆಗೆ ಪೂಜೆ ಮಾಡಿ, ಅಡಿಗೆಯನ್ನೆಲ್ಲ ಒಂದಿಷ್ಟು ಹೊಲದ ತುಂಬ ಚೆಲ್ಲುವ ಚರಗದ ಶಾಸ್ತ್ರ ಮುಗಿಸಿ, ಅಲ್ಲೇ ಕುಳಿತು ಉಣ್ಣುತ್ತಾರೆ. ಸಜ್ಜಿ ರೊಟ್ಟಿ, ಕಡುಬು, ಹೋಳಿಗೆ, ಹತ್ತಾರು ಕಾಳು ಸೊಪ್ಪು ಕೂಡಿಸಿ ಕುದಿಸಿದ ಭಜ್ಜಿ, ಮೇಲೆ ಕುಡಿಯಲು ಜೋಳದ ಹುಳಿ ಅಂಬಲಿ. ಆ ದಿನ ಹೊಲಕ್ಕೆ ಕರೆದರೆ ಅದು ಬಾಯುಪಚಾರದ ಮಾತಲ್ಲ. ಬರುತ್ತೇನೆ ಎಂದವನ ಪಾಲು ಬುಟ್ಟಿಯಲ್ಲಿ ಬೇರೆಯೇ ಇರುತ್ತದೆ. ಇದನ್ನು ನಾನು ಮಹಾಂತಿಯವರಿಗೆ ಹೇಳಿರಲಿಲ್ಲ. ನಮಗೆ ಉಸಿರಾಟದಷ್ಟು ಸಹಜವಾದದ್ದನ್ನು ಹೇಳಬೇಕೆಂದು ಯಾರಿಗೆ ತಾನೆ ಹೊಳೆದೀತು.

ಅಮಾವಾಸ್ಯೆಯ ಬೆಳಿಗ್ಗೆ ಮಟಕಿ ಎಂಬ ಹಳ್ಳಿಯ ರೈತ ಶರಣಪ್ಪ ನಮ್ಮ ಮನೆಯ ಮುಂದೆ ಬಂಡಿ ನಿಲ್ಲಿಸಿದ. "ಸಾಹೇಬ್ರು ಹೊಲಕ್ಕ ಬರ್ತೇನಿ ಅಂದಿದ್ರು. ಕರಕೊಂಡು ಹೋಗಾಕ ಬಂದ್ರ ಖೋಲಿಗೆ ಕೀಲಿ ಹಾಕ್ಯದರಿ. ನನ್ನಂಗ ಇನ್ನೂ ಎಂಟು ಮಂದಿ ಅಲ್ಲಿ ನಿಂತಾರ" ಎಂದ. ವಿಚಾರಿಸಿದರೆ, ಒಂಬತ್ತು ಕಡೆ ಹೂಂ ಅಂದಿದ್ದೇನೆ, ಹೊತ್ತಾಗುತ್ತದೆ ಎಂದು ಖೋಲಿಯ ಮಾಲಕರಿಗೆ ಹೇಳಿ, ಸಾಹೇಬರು ಬೆಳಗಾಗುತ್ತಲೇ ಕಚೇರಿಯ ಸೈಕಲ್ ಹತ್ತಿ ಹೋಗಿದ್ದರು. ಒಂಬತ್ತು ಹೊಲದ ಹೋಳಿಗೆ ಆ ತೆಳ್ಳನೆಯ ಹೊಟ್ಟೆಯಲ್ಲಿ ಇಳಿದರೆ ಮೊದಲು ದವಾಖಾನೆ, ಆಮೇಲೆ ವರ್ಗದ ಅರ್ಜಿ, ಅದರ ಹಿಂದೆಯೇ ನನ್ನ ಬಡ್ತಿ. ಮಹಾನಂದಾ ತವರಿನ ಹೊಲಕ್ಕೆ ಹೋಗಲು ಇಳಕಲ್ ಸೀರೆ ಉಟ್ಟು ತಯಾರಾಗಿದ್ದಳು. ಅವಳನ್ನು ಅಲ್ಲೇ ಬಿಟ್ಟು ನಾನೂ ಸೈಕಲ್ ಹತ್ತಿದೆ.

ಮೊದಲ ಹೊಲದಲ್ಲಿ ಸಾಹೇಬರು ಬಂದಿದ್ದರೇ ಎಂದು ಕೇಳಿದೆ. ಆ ಮನೆಯಾಕೆ, ಮೊದಲು ಉಣ್ರಿ, ಆಮೇಲೆ ಹೇಳ್ತೀವಿ ಎಂದಳು. ಬೇಡ ಎಂದೆ. ಬೇಡ ಎಂದೆ. ಮೂರನೆಯ ಸಲ ಕೂತೆ. ಉಂಡು ಕೈ ತೊಳೆದ ಮೇಲೆ, ಸಾಹೇಬರು ಆಗಲೇ ಮುಂದಿನ ಹೊಲಕ್ಕೆ ಹೋದರೆಂದು ತಿಳಿಯಿತು. ಎರಡನೆಯ ಹೊಲದಲ್ಲೂ ಅದೇ ಮಾತು, ಅದೇ ಎರಡು ಬೇಡ, ಅದೇ ಹೋಳಿಗೆ. ಅವಸರ ಅದ ಎಂದರೆ ಹಬ್ಬದ ದಿನ ಎಂಥ ಅವಸರ ಎನ್ನುತ್ತಿದ್ದರು. ಹೊಟ್ಟೆ ತುಂಬ್ಯದ ಎಂದರೆ, ಅಲ್ಲಿ ತುಂಬಿಸಿಕೊಂಡವರಿಗೆ ಇಲ್ಲಿ ತುತ್ತು ಭಾರವಾಯಿತೇ ಎಂದು ಮುಖ ಸಣ್ಣದು ಮಾಡುತ್ತಿದ್ದರು. ಐದನೆಯ ಹೊಲ ಜಿಡಗಾದ ದಾರಿಯಲ್ಲಿತ್ತು. ಅಲ್ಲಿಂದ ಮುಂದೆ ಸೈಕಲ್ ಹತ್ತಲು ಕಾಲು ಮೇಲೇಳಲಿಲ್ಲ, ತಳ್ಳಿಕೊಂಡು ನಡೆದೆ. ಎಂಟನೆಯ ಹೊಲದ ಭಜ್ಜಿ ನೋಡಿದಾಗ ಪರರಾಜ್ಯವೇ ವಾಸಿ ಎಂದು ಒಂದು ಕ್ಷಣ ಅನಿಸಿದ್ದು ಸುಳ್ಳಲ್ಲ.

ಒಂಬತ್ತನೆಯದು ಶರಣಪ್ಪನ ಹೊಲ. ಬೇವಿನ ಮರದ ಕೆಳಗೆ ಕಂಬಳಿ ಹಾಸಿಕೊಂಡು ಮಹಾಂತಿಯವರು ಹೂವಿನಂತೆ ಹಗುರಾಗಿ ಕುಳಿತಿದ್ದರು. ನಾನು ಅವರ ಪಕ್ಕದಲ್ಲಿ ಕೂಡಲಿಲ್ಲ, ಮಲಗಿದೆ. ಮಾತಾಡಲು ಜಾಗವೇ ಇರಲಿಲ್ಲ. ಶರಣಪ್ಪನ ಮುದುಕಿ ತಾಯಿ ನನ್ನ ಬಾಯಿಗೆ ಅಜವಾನ ಹಾಕುತ್ತ ಹೇಳಿದಳು: "ಎಲ್ಲಾ ಕಡಿ ಇವರು ಕೈ ಮುಗದು, ಹರಕ ಮುರಕ ಕನ್ನಡದಾಗ, ಅವ್ವಾ, ಒಂಬತ್ತು ಹೊಲಕ್ಕ ಹೋಗಬೇಕು, ನಿಮ್ಮ ಕೈಲೆ ಒಂದ ತುತ್ತು ಕೊಡ್ರಿ ಅಂದ್ರಂತ. ಅಷ್ಟ ಉಂಡಾರ. ಯಾರೂ ಒತ್ತಾಯ ಮಾಡಿಲ್ಲ ನೋಡು." ಹುಟ್ಟಿದಾಗಿನಿಂದ ಈ ರೀತಿ ರಿವಾಜು ಬಲ್ಲ ನನಗೆ ಇಂಥ ಒಂದು ದಾರಿ ಇರಬಹುದೆಂದು ಹೊಳೆದಿರಲಿಲ್ಲ. ನೀವೇಕೆ ಬೇಡ ಅನ್ನಲಿಲ್ಲ ಎಂದು ಮಹಾಂತಿಯವರು ಕೇಳಿದರು. ಪ್ರತಿ ಹೊಲದಲ್ಲೂ ಎರಡೆರಡು ಸಲ ಅಂದೆ ಎಂದೆ. ಅವರು ನನ್ನ ಕಡೆ ಬಹಳ ಹೊತ್ತು ಕನಿಕರದಿಂದ ನೋಡಿದರು. ಆ ಕನಿಕರ ಮುಂದೆ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ನನಗೆ ಆಗ ಗೊತ್ತಾಗಲಿಲ್ಲ.

ಆಮೇಲೆ ಮುದುಕಿ ಅವರಿಗೆ ಅಂಬಲಿ ಕೊಟ್ಟಳು. ಒಂದು ಗುಟುಕು ಕುಡಿದು ಅವರು ಬಟ್ಟಲು ಕೆಳಗಿಟ್ಟರು. ಹುಳಿ ಹಿಡಿಸಲಿಲ್ಲವೆಂದು ನಾನು ಗಾಬರಿಯಾದೆ. ಆದರೆ ಅವರು ಕಣ್ಣು ಒರೆಸಿಕೊಳ್ಳುತ್ತಿದ್ದರು. ಅಕ್ಕಿಯಲ್ಲ, ಜೋಳ, ಆದರೂ ಹುಳಿ ಅದೇ, ಕೊಡುವ ಕೈಯೂ ನಮ್ಮ ತಾಯಿಯದೇ ಎಂದು ಹಿಂದಿಯಲ್ಲಿ ಹೇಳಿದರು. ಮೂರು ತಿಂಗಳಿಂದ ನಾನು ಅಕ್ಕಿಯ ಚೀಲ ಹೊತ್ತು ತಿರುಗಿದ್ದೆ, ಆ ಮನುಷ್ಯನಿಗೆ ಬೇಕಾಗಿದ್ದದ್ದು ನಮ್ಮ ಪ್ರತಿ ಮನೆಯ ಗಡಿಗೆಯಲ್ಲೂ ಇತ್ತು. ನನಗೂ ಗಂಟಲು ಕಟ್ಟಿತು. ಅದರಲ್ಲಿ ಎಂಟು ಹೊಲದ ಹೋಳಿಗೆಯ ಪಾಲೂ ಇತ್ತೆನ್ನಿ.

ಮಹಾಂತಿ ಓಡಿಹೋಗಲಿಲ್ಲ. ಯುಗಾದಿಯ ಹೊತ್ತಿಗೆ ಅವರು "ಹೌದ್ರಿ, ಕುಂದರ್ರಿ, ಚಹಾ ತಗೋರಿ" ಎನ್ನುವಷ್ಟು ನಮ್ಮವರಾಗಿದ್ದರು. ಇನ್ನೂ ಮೂರು ವರ್ಷ ಆಳಂದದಲ್ಲೇ ಇರಿಸಿ ಎಂದು ತಾವೇ ದೊಡ್ಡ ಕಚೇರಿಗೆ ಬರೆದರು. ನಾನು ಪೇಢೆ ಹಂಚಿದೆ. ಆ ಪತ್ರದ ಎರಡನೆಯ ಪುಟವನ್ನು ನಾನು ನೋಡಿರಲಿಲ್ಲ. ಹೊಸಬರನ್ನು ಊರಿಗೆ ಒಗ್ಗಿಸುವುದರಲ್ಲಿ ಮಲ್ಲಪ್ಪಬಾಬುವಿನಂಥವರು ಇನ್ನೊಬ್ಬರಿಲ್ಲ, ಇಂಥವರನ್ನು ಒಂದೇ ಊರಿನಲ್ಲಿ ಇಡುವುದು ಅನ್ಯಾಯ ಎಂದು ಅದರಲ್ಲಿತ್ತಂತೆ. ತಿಂಗಳೊಪ್ಪತ್ತಿನಲ್ಲಿ ಬಡ್ತಿಯ ಆದೇಶ ಬಂತು. ಒರಿಸ್ಸಾದ ಸಂಬಲಪುರ. ಅವರು ಹೋದರೆ ಬರಬೇಕಾಗಿದ್ದ ಶಿಕ್ಷೆ ಅವರು ಉಳಿದದ್ದಕ್ಕೆ ಬಂದಿತ್ತು. ಈ ಸಲ ಒಲ್ಲೆ ಎನ್ನಲು ಬಾಯಿ ತೆರೆದೆ. ಮಹಾನಂದಾ, "ಮಂದಿಗೆ ಹೇಳೂದು ಸಾಕು ಮಾಡ್ರಿ. ಹೋಗಿ ಬರ್ರಿ, ಮನಿ ಸಿಕ್ಕಮ್ಯಾಲ ನಾನೂ ಬರ್ತೇನಿ" ಎಂದು ಡಬ್ಬಿಯ ತುಂಬ ನೂರು ಕಡಕ ರೊಟ್ಟಿ ತುಂಬಿಸಿದಳು. ಬಸ್ ಸ್ಟ್ಯಾಂಡಿಗೆ ಬಂದ ಮಹಾಂತಿಯವರನ್ನು, ಅಲ್ಲಿ ನಾನು ಏನು ಮಾಡಬೇಕು, ಹೇಗಿರಬೇಕು ಎಂದು ಕೇಳಿದೆ. ಉಪದೇಶವೆಂಬುದು ಕೇಳುವವನಿಗೆ ಎಷ್ಟು ಅಗತ್ಯವೆಂದು ಅಂದು ತಿಳಿಯಿತು. ಅವರು ಒಂದೇ ಮಾತು ಹೇಳಿದರು: "ಚಿಂತಿ ಮಾಡಬ್ಯಾಡ್ರಿ. ನಿಮಗಂತ ಹಿಡಿದ ಖೋಲಿ ಬಾಜೂ ಮನ್ಯಾಗ ನಮ್ಮ ಭಾವ ಇರ್ತಾರ. ನಿಮ್ಮ ಬಗ್ಗೆ ಎಲ್ಲಾ ಪತ್ರ ಬರ್ದೀನಿ."

ಎರಡು ಹಗಲು ಎರಡು ರಾತ್ರಿ ರೈಲಿನಲ್ಲಿ ಕುಳಿತು ಮಧ್ಯಾಹ್ನ ಸಂಬಲಪುರ ಮುಟ್ಟಿದೆ. ಹೊಟ್ಟೆ ಚುರುಗುಟ್ಟುತ್ತಿತ್ತು. ಪಕ್ಕದ ಮನೆಯಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ಟ್ರಂಕು ಇಳಿಸುವಷ್ಟರಲ್ಲಿ ಆ ಭಾವ ಬಾಗಿಲಿಗೆ ಬಂದು, ಕೈ ಮುಗಿದು, ಊಟ ತಯಾರಿದೆ, ಬನ್ನಿ ಎಂದು ಹಿಂದಿಯಲ್ಲಿ ಕರೆದರು. ದೇವರಂಥ ಮನುಷ್ಯ ಎಂದುಕೊಂಡು ನಾನು ಸಂಪ್ರದಾಯದಂತೆ ಬೇಡ ಎಂದೆ. ಅವರು ತಲೆಯಾಡಿಸಿ ಹೊರಟೇಬಿಟ್ಟರು. ನಾನು ದಂಗಾಗಿ ನೋಡುತ್ತಿದ್ದಂತೆ ಗೇಟಿನಿಂದ ತಿರುಗಿ ಬಂದರು. ಸದ್ಯ, ಎರಡನೆಯ ಸಲ ಕರೆಯಲು ಬಂದರು ಎಂದು ಜೀವ ಬಂದಂತಾಯಿತು. ಅವರು ನನ್ನ ಹೆಗಲ ಮೇಲೆ ಕೈಯಿಟ್ಟು, ಮಹಾಂತಿ ಎಲ್ಲ ಬರೆದಿದ್ದಾರೆ ಎಂದರು. ಈ ಸಜ್ಜನ ಬೇಡ ಬೇಡ ಎಂದರೂ ಅವರ ಊರಿನಲ್ಲಿ ಯಾರೂ ಕೇಳುವುದಿಲ್ಲ, ಪಾಪ, ಒಂದೇ ದಿನ ಎಂಟು ಊಟ ಮಾಡಿಸಿದರು, ನೀವಾದರೂ ಅವರು ಒಮ್ಮೆ ಬೇಡ ಎಂದರೆ ನಂಬಿಬಿಡಿ ಎಂದು ಪತ್ರದಲ್ಲಿತ್ತಂತೆ. ನಾವು ನಂಬುತ್ತೇವೆ, ನಿಶ್ಚಿಂತೆಯಿಂದಿರಿ ಎಂದು ನಕ್ಕು ಅವರು ಊಟಕ್ಕೆ ಹೋದರು.

ಅವರ ಬಾಗಿಲು ಹಾಕಿಕೊಂಡಿತು. ನನ್ನದನ್ನು ನಾನು ಸ್ವಲ್ಪ ಹೊತ್ತು ತೆರೆದೇ ಇಟ್ಟಿದ್ದೆ. ಆಮೇಲೆ ಡಬ್ಬಿ ಬಿಚ್ಚಿ ಮಹಾನಂದಾಳ ರೊಟ್ಟಿಯೊಂದನ್ನು ಮುರಿದೆ. ಎರಡನೆಯ ಬೇಡ ಇನ್ನೂ ಬಾಯಲ್ಲೇ ಇತ್ತು, ಅದನ್ನೇ ನಂಚಿಕೊಂಡು ತಿಂದೆ.