ರಾಹುಕಾಲದಲ್ಲಿ ಹೋದ ಮೇಲ್

ಇರಲಾರದವರು ಇರುವೆ ಬಿಟ್ಟುಕೊಂಡರು ಎಂಬ ಗಾದೆ ಮಾಡಿದವರು ನನ್ನಂಥವನೊಬ್ಬನನ್ನು ನೋಡಿಯೇ ಮಾಡಿರಬೇಕು. ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ಪತ್ರವ್ಯವಹಾರ ನೋಡಿಕೊಳ್ಳುವ ಗುಮಾಸ್ತ ನಾನು. ಬಳ್ಳಾರಿಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತೇನೆ. ಒಂದು ದಿನ ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ವಿಡಿಯೋ ನೋಡಿದೆ. ಮೌಸ್ ಮುಟ್ಟುವವರು ಹಿಂದುಳಿದವರು, ಇಮೇಲ್ ಕೆಲಸವನ್ನೆಲ್ಲ ಕೀಬೋರ್ಡಿನ ಶಾರ್ಟ್‌ಕಟ್ಟಿನಲ್ಲೇ ಮುಗಿಸುವವರು ಮುಂದೆ ಬರುವವರು ಎಂದು ಅದರಲ್ಲಿದ್ದ ಹುಡುಗಿ ಹೇಳಿದಳು. ನಿವೃತ್ತಿಯ ಹತ್ತಿರ ಬಂದವನಿಗೆ ಇನ್ನು ಮುಂದೆ ಬಂದು ಆಗಬೇಕಾದ್ದೇನು? ಆದರೂ ಆಫೀಸಿಗೆ ಹೋದವನೇ ಮೌಸನ್ನು ಡ್ರಾಯರಿಗೆ ಹಾಕಿದೆ. ಸಿ ಒತ್ತಿದರೆ ಹೊಸ ಮೇಲ್, ಆರ್ ಒತ್ತಿದರೆ ಉತ್ತರ. ಮನೆಯಲ್ಲಿ ಹೆಂಡತಿ ಶಾರದೆ ಸಾರಿಗೆ ಉಪ್ಪು ಸಾಕೇ ಎಂದು ಕೇಳಿದರೂ ನನ್ನ ಬೆರಳು ತಟ್ಟೆಯ ಅಂಚಿನಲ್ಲಿ ಏನನ್ನೋ ಒತ್ತುತ್ತಿತ್ತು.

ನಮ್ಮ ಮಾಲೀಕರಾದ ವೀರಭದ್ರಪ್ಪನವರದು ಬೇರೆಯೇ ಲೆಕ್ಕ. ರಾಹುಕಾಲದಲ್ಲಿ ಅವರ ಲಾರಿ ಗೇಟು ದಾಟುವುದಿಲ್ಲ, ಇಮೇಲೂ ದಾಟಬಾರದು. ಬರೆದಿಟ್ಟುಕೊಂಡು ಸುಮ್ಮನೆ ಕೂರಬೇಕು. ರಾಹು ಹೋದಮೇಲೆ ಅವರು ಬಂದು ಬೆನ್ನ ಹಿಂದೆ ನಿಂತು ಹೂಂ ಎನ್ನುತ್ತಾರೆ, ಆಗ ಕಳಿಸಬೇಕು. ಬಿ.ಎಸ್ಸಿ. ಓದಿದ ನಾನು ಒಳಗೊಳಗೇ ನಗುತ್ತಿದ್ದೆ. ಹೊರಗೆ ನಗುವ ಧೈರ್ಯವಿರಲಿಲ್ಲ. ಆತುರಪಟ್ಟು ಕಳಿಸಿದ ಹಿಂದಿನ ಗುಮಾಸ್ತ ಇವತ್ತಿಗೂ ಗೋದಾಮಿನಲ್ಲಿ ಹೊಟ್ಟಿನ ಧೂಳು ಕುಡಿಯುತ್ತಿದ್ದಾನೆ. ನನಗೋ ಮೊದಲೇ ಉಬ್ಬಸ.

ಅಂದು ಶುಕ್ರವಾರ. ಹೈದರಾಬಾದಿನ ದೊಡ್ಡ ವ್ಯಾಪಾರಿಯೊಬ್ಬರು ಸೋನಾಮಸೂರಿಯ ದರ ಕೇಳಿದ್ದರು. ಹತ್ತೂವರೆಗೆ ರಾಹುಕಾಲ ಶುರು, ಮುಗಿಯುವುದು ಹನ್ನೆರಡಕ್ಕೆ. ಹನ್ನೊಂದರ ಹೊತ್ತಿಗೆ ದರವೆಲ್ಲ ಬರೆದಾಗಿತ್ತು. ಗಿರಣಿಯ ವಿಳಾಸ ಹೊಸ ಪುಟದಲ್ಲಿ ಬರಲಿ ಎಂದು, ಇಷ್ಟು ವರ್ಷ ಪತ್ರ ಟೈಪು ಮಾಡಿದ ಅಭ್ಯಾಸದಲ್ಲಿ ಕಂಟ್ರೋಲ್ ಹಿಡಿದು ಎಂಟರ್ ಒತ್ತಿದೆ. ಪತ್ರದಲ್ಲಾದರೆ ಹೊಸ ಪುಟ ಬರುತ್ತದೆ. ಇಮೇಲಿನಲ್ಲಿ ಮೇಲೇ ಹೊರಟುಹೋಗುತ್ತದೆ ಎಂಬುದು ಆಗ ತಿಳಿಯಿತು.

ಪರದೆಯ ಕೆಳಗೆ ‘ಅನ್‌ಡೂ’ ಎಂಬ ಸಣ್ಣ ಅಕ್ಷರ ಕಂಡಿತು. ಅದನ್ನು ಒತ್ತಿದ್ದರೆ ಮೇಲ್ ವಾಪಸ್ಸು ಬರುತ್ತಿತ್ತು, ಅದರ ಶಾರ್ಟ್‌ಕಟ್ ನನಗೆ ಗೊತ್ತಿರಲಿಲ್ಲ, ಮೌಸೇ ಬೇಕಿತ್ತು. ಡ್ರಾಯರು ಎಳೆದರೆ ಮೌಸಿನ ವೈರು ಸ್ಟೇಪ್ಲರಿಗೆ ಸುತ್ತಿಕೊಂಡು ಕೂತಿದೆ. ಬಿಡಿಸುವಷ್ಟರಲ್ಲಿ ಅಕ್ಷರವೂ ಮಾಯ. ಹೇಳಿಬಿಡೋಣ ಎಂದು ಮಾಲೀಕರ ಕೋಣೆಯ ಬಾಗಿಲವರೆಗೆ ಹೋಗಿ, ನೀರು ಕುಡಿದು ವಾಪಸ್ಸು ಬಂದೆ.

ಹನ್ನೆರಡು ದಾಟಿದ ಮೇಲೆ ಅವರೇ ಬಂದು ಹಿಂದೆ ನಿಂತರು. ಹೂಂ ಎಂದರು. ಏನು ಮಾಡಲಿ? ಅದೇ ಮೇಲನ್ನು ವಿಳಾಸ ಸೇರಿಸಿ ಎರಡನೆಯ ಸಲ ಕಳಿಸಿದೆ. ಸ್ವಲ್ಪ ಹೊತ್ತಿಗೆ ಅವರ ಫೋನು ರಿಂಗಾಯಿತು. ಹೈದರಾಬಾದಿನದೇ. ತೆಲುಗಿನಲ್ಲಿ ಮಾತು ನಡೆದಷ್ಟು ಹೊತ್ತೂ ನಾನು ಗೋದಾಮಿನ ಕಡೆಯೇ ನೋಡುತ್ತಿದ್ದೆ. ಒಂದೇ ಮೇಲ್ ಎರಡು ಸಲ ಯಾಕೆ ಬಂತು ಎಂದು ಆ ಕಡೆಯವರು ಕೇಳಿದರೆ ಮುಗಿಯಿತು ನನ್ನ ಕಥೆ.

ಫೋನಿಟ್ಟು ಅವರು ನನ್ನ ಹೆಗಲ ಮೇಲೆ ಕೈಹಾಕಿದರು. “ಪಂಪಣ್ಣ, ಆರ್ಡರ್ ನಮಗ ಆತು. ಎಲ್ಲಾರಕಿಂತ ಮೊದಲ ನಮ್ಮ ಮೇಲ್ ಮುಟ್ಟೈತಂತ. ರಾಹುಕಾಲ ಕಳದು ಕಳಿಸಿದ್ರ ಹೆಂಗ ಓಡ್ತೈತಿ ನೋಡು.”

“ಹೌದ್ರಿ” ಎಂದೆ.

ಕಳೆದ ಭಾನುವಾರ ಮಗಳು ತನ್ನ ಕೆಲಸದ ಅರ್ಜಿಯನ್ನು ನನ್ನ ಕಂಪ್ಯೂಟರಿನಲ್ಲಿ ಬರೆದಿಟ್ಟು, ಕಳಿಸಪ್ಪಾ ಎಂದು ಹೇಳಿ ಗೆಳತಿಯ ಮನೆಗೆ ಹೋದಳು. ಮಧ್ಯಾಹ್ನದ ಊಟವಾಯಿತು, ನಿದ್ದೆಯಾಯಿತು, ಚಹವೂ ಆಯಿತು. ನಾನು ಗಡಿಯಾರ ನೋಡುತ್ತ ಕಂಪ್ಯೂಟರಿನ ಮುಂದೆ ಕೂತೇ ಇದ್ದೆ.

“ಆವಾಗಿಂದ ಹಂಗ ಕುಂತೀರಲ್ಲ, ಅದನ್ನ ಕಳಸಾಕ ಏನಾಗೈತ್ರಿ?” ಎಂದು ಶಾರದೆ ಗದರಿದಳು.

“ನಾಲ್ಕೂವರಿ ಆಗ್ಲಿ ತಡಿ” ಎಂದೆ. ಭಾನುವಾರದ ರಾಹುಕಾಲ ಶುರುವಾಗುವುದು ಆಗಲೇ.